ತಳವಾರನ ಕೈಗೆ ಬಂದ ಶಾನುಭೋಗಿಕೆ: ಆಕಾಶ ಎಣಿಸುವ ರೇಡಾರ್‌ಗಳ ಕಥೆ

ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದವರೂ ಇದ್ದೀರಿ ಎಂದು ಕೇಳಿದೆ. ನಿಮಗೆ ನಿದ್ದೆ ಬಂದರೆ ನನಗೇನೂ ಬೇಸರವಿಲ್ಲ. ನಾನು ಹೇಳಹೊರಟಿರುವುದೂ ರಾತ್ರಿ ಪಾಳಿಯವರ ಕಥೆಯೇ.

ದಿಕ್ಸೂಚಿ ಭಾಷಣ ಎಂದರೆ ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವಿನ ಬಗ್ಗೆ ಮಾತಾಡುವುದು ವಾಡಿಕೆ. ಈ ಸಲ ಸಂಘಟಕರು 'ನಾವು ಬಂದು ನೆಲೆಸಿದ ನಾಡಿನ ಚರಿತ್ರೆಯಿಂದ ಏನಾದರೂ ಹೇಳಿ' ಎಂದರು. ರಾಜರಾಣಿಯರನ್ನೂ ಈಸ್ಟ್ ಇಂಡಿಯಾ ಕಂಪನಿಯನ್ನೂ ಬಿಟ್ಟು ನಾನು ಆರಿಸಿಕೊಂಡದ್ದು ಒಂದು ಕಟ್ಟಡವನ್ನು. ಯಾರ್ಕ್‌ಷೈರಿನ ಪಿಕರಿಂಗ್‌ನಿಂದ ಸಮುದ್ರತೀರದ ವಿಟ್‌ಬಿಗೆ ಕಾರಿನಲ್ಲಿ ಹೋದವರು ಅದನ್ನು ನೋಡಿರುತ್ತೀರಿ. ಹೆದರ್ ಗಿಡಗಳು ಹಬ್ಬಿದ ಬೋಳು ಬಯಲು, ಅಲ್ಲಲ್ಲಿ ಕುರಿಗಳು. ಅದರ ನಡುವೆ ತುದಿ ಕತ್ತರಿಸಿದ ಪಿರಮಿಡ್ಡಿನಂಥ, ಮೂರು ಮುಖದ ಒಂದು ಬೂದು ಗೋಪುರ. ಅದು ಫೈಲಿಂಗ್‌ಡೇಲ್ಸ್, ಬ್ರಿಟನ್ನಿನ ವಾಯುಪಡೆಯ ರೇಡಾರ್ ಠಾಣೆ. ಸುಮಾರು ಮೂರು ಸಾವಿರ ನಾಟಿಕಲ್ ಮೈಲಿ ದೂರದವರೆಗೆ, ಸುತ್ತ ಎಲ್ಲ ದಿಕ್ಕಿನಲ್ಲೂ, ಹಗಲಿರುಳು ಆಕಾಶ ನೋಡುತ್ತಿರುತ್ತದೆ.

ಏಕೆ ನೋಡುತ್ತದೆ ಎಂಬುದಕ್ಕೆ ಎರಡು ಉತ್ತರಗಳಿವೆ. ಒಂದು, ಯಾರಾದರೂ ಅಣ್ವಸ್ತ್ರ ಕ್ಷಿಪಣಿ ಹಾರಿಸಿದರೆ ಎಚ್ಚರಿಸಲು. ಎರಡು, ಭೂಮಿಯ ಸುತ್ತ ತಿರುಗುತ್ತಿರುವ ಉಪಗ್ರಹಗಳನ್ನೂ ಅವುಗಳ ಚೂರುಗಳನ್ನೂ ಎಣಿಸಿಡಲು. ಈ ಎರಡೂ ಮೂಲದಲ್ಲಿ ಒಂದೇ ಕೆಲಸ. ನಮ್ಮ ಹಳ್ಳಿಗಳಲ್ಲಿ ತಳವಾರ ಇರುತ್ತಿದ್ದ, ಊರು ಕಾಯುವವನು. ಕತ್ತಲಲ್ಲಿ ಯಾರೋ ನಡೆದು ಹೋದರೆ ಕಳ್ಳನೋ ಅಲ್ಲವೋ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಊರಿನವರೆಲ್ಲರ ಗುರುತು ಇದ್ದರೆ ಮಾತ್ರ. ಇದು ಗೌಡರ ಮಗ, ಇದು ಸಂತೆಯಿಂದ ತಡವಾಗಿ ಬಂದ ಸಿದ್ದಪ್ಪ, ಇದು ಯಾರ ಮನೆಯವನೂ ಅಲ್ಲ, ಕೂಗು! ರೇಡಾರಿನದೂ ಅದೇ ಪಾಡು. ದಿಗಂತದ ಮೇಲಕ್ಕೆ ಒಂದು ಲೋಹದ ತುಂಡು ಎದ್ದು ಬಂದರೆ ಅದು ಕ್ಷಿಪಣಿಯೋ ಹಳೆಯ ರಾಕೆಟ್ಟಿನ ಡಬ್ಬಿಯೋ ಎಂದು ತಿಳಿಯಲು ಎಲ್ಲ ಡಬ್ಬಿಗಳ ಲೆಕ್ಕ ಮೊದಲೇ ಕೈಯಲ್ಲಿರಬೇಕು. ಆಕಾಶದ ಪಟ್ಟಿ ಬೆಳೆದದ್ದರ ಹಿಂದೆ ಇರುವ ದೊಡ್ಡ ಕಾರಣ ಇದು. ಊರು ಕಾಯಲು ನೇಮಿಸಿದ ತಳವಾರನ ಕೈಗೇ ಊರಿನ ಖಾತೆ ಪುಸ್ತಕವೂ ಬಂದುಬಿಟ್ಟಿತು. ಶಾನುಭೋಗರ ಪುಸ್ತಕಕ್ಕೆ ಹಳ್ಳಿಯಲ್ಲಿ ಎಷ್ಟು ಅಧಿಕಾರವಿತ್ತೆಂದು ನಿಮ್ಮ ಅಜ್ಜಂದಿರನ್ನು ಕೇಳಿದರೆ ಹೇಳುತ್ತಾರೆ.

ಪುಸ್ತಕ ಶುರುವಾದದ್ದು 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ. ಇಂದಿಗೂ ಬಳಕೆಯಲ್ಲಿರುವ ಅಮೆರಿಕದ ಪಟ್ಟಿಯಲ್ಲಿ 1ನೇ ನಂಬರ್ ಸ್ಪುಟ್ನಿಕ್ ಅಲ್ಲ, ಅದನ್ನು ಹೊತ್ತೊಯ್ದ ರಾಕೆಟ್ಟಿನ ಭಾಗ. ಸ್ಪುಟ್ನಿಕ್ 2ನೆಯದು. ಆಗ ಜನ ಮನೆಯ ಹೊರಗೆ ನಿಂತು ಬರಿಗಣ್ಣಿನಿಂದ ಕಂಡದ್ದೂ ಸಾಮಾನ್ಯವಾಗಿ ರಾಕೆಟ್ಟಿನ ಆ ದೊಡ್ಡ ಭಾಗವನ್ನೇ. ಈ ದೇಶದಲ್ಲಿ ಮ್ಯಾಂಚೆಸ್ಟರ್ ಬಳಿಯ ಜೋಡ್ರೆಲ್ ಬ್ಯಾಂಕಿನ ಹೊಸ ದೂರದರ್ಶಕ ಅದೇ ತಿಂಗಳು ಆ ರಾಕೆಟ್ಟನ್ನು ರೇಡಾರಿನಿಂದ ಹಿಡಿಯಿತು. ಆ ದೂರದರ್ಶಕ ಕಟ್ಟಿ ಸಾಲದಲ್ಲಿ ಮುಳುಗಿದ್ದ ಬರ್ನಾರ್ಡ್ ಲೊವೆಲ್ ಅವರಿಗೆ ಸೋವಿಯತ್ ರಾಕೆಟ್ಟೇ ಮಾನ ಉಳಿಸಿಕೊಟ್ಟಿತು ಎನ್ನಬಹುದು.

ಅಮೆರಿಕದಲ್ಲಿ ನೌಕಾಪಡೆ ದೇಶದ ದಕ್ಷಿಣ ಭಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ರೇಡಿಯೋ ಅಲೆಗಳ ಒಂದು ಬೇಲಿ ಹಾಕಿತು. ಮೇಲಿನಿಂದ ಏನು ದಾಟಿದರೂ ಅದರ ಮಾರ್ದನಿ ಕೆಳಗೆ ಸಿಗುತ್ತಿತ್ತು. 1960ರ ಆರಂಭದಲ್ಲಿ ಈ ಬೇಲಿಗೆ ಯಾರ ಪಟ್ಟಿಯಲ್ಲೂ ಇಲ್ಲದ ಒಂದು ವಸ್ತು ಸಿಕ್ಕಿತು. ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ, ರಷ್ಯಾದ ಗೂಢಚಾರ ಉಪಗ್ರಹವೇ ಇರಬೇಕು ಎಂದು. ಕೊನೆಗೆ ತಿಳಿದದ್ದು ಅದು ಅಮೆರಿಕದ್ದೇ ಎಂದು. ಹಿಂದಿನ ವರ್ಷ ಹಾರಿದ್ದ ಡಿಸ್ಕವರರ್-5ರ ಕ್ಯಾಪ್ಸೂಲ್ ಭೂಮಿಗೆ ಇಳಿಯುವ ಬದಲು ಇನ್ನೂ ಮೇಲಕ್ಕೆ ಏರಿ ಕೂತಿತ್ತು. ಡಿಸ್ಕವರರ್ ಎಂಬ ಹೆಸರಿನ ಹಿಂದೆ ಇದ್ದದ್ದು ಕೊರೋನಾ ಎಂಬ ಗೂಢಚಾರಿಕೆಯ ಯೋಜನೆ. ಅಂದರೆ ಗೂಢಚಾರ ಎಂದು ಊಹಿಸಿದ್ದು ಸರಿಯೇ, ಯಾರವನು ಎಂಬುದು ಮಾತ್ರ ತಪ್ಪು.

ಅದೇ ವರ್ಷ ಇನ್ನೂ ದೊಡ್ಡ ಗಾಬರಿಯೊಂದು ನಡೆಯಿತು. ಕ್ಷಿಪಣಿ ಎಚ್ಚರಿಕೆಗಾಗಿ ಅಮೆರಿಕ ಮೂರು ಕಡೆ ದೈತ್ಯ ರೇಡಾರ್ ಯೋಜಿಸಿತ್ತು: ಗ್ರೀನ್‌ಲ್ಯಾಂಡಿನ ಥೂಲೆ, ಅಲಾಸ್ಕಾದ ಕ್ಲಿಯರ್, ಇಂಗ್ಲೆಂಡಿನ ಫೈಲಿಂಗ್‌ಡೇಲ್ಸ್. ಮೊದಲು ಕಣ್ಣು ಬಿಟ್ಟದ್ದು ಥೂಲೆ. ಅದು ಕೆಲಸಕ್ಕೆ ಇಳಿದು ಕೆಲವೇ ದಿನಗಳಾಗಿದ್ದ 1960ರ ಅಕ್ಟೋಬರ್ 5ರಂದು, ಭಾರಿ ಕ್ಷಿಪಣಿ ದಾಳಿ ನಡೆಯುತ್ತಿದೆ ಎಂದು ಅದರ ಕಂಪ್ಯೂಟರ್ ಕೊಲೊರಾಡೋದ ಕೇಂದ್ರಕ್ಕೆ ಹೇಳಿತು. ಅಲ್ಲಿ ಆಗ ಹೊಣೆ ಹೊತ್ತಿದ್ದವರು ಕೆನಡಾದ ವಾಯುಪಡೆಯ ಅಧಿಕಾರಿ ರಾಯ್ ಸ್ಲೆಮನ್. ಅವರು ಕೇಳಿದ ಪ್ರಶ್ನೆ ಬಹಳ ಸರಳ: ಕ್ರುಶ್ಚೇವ್ ಈಗ ಎಲ್ಲಿದ್ದಾರೆ? ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಸಭೆಯಲ್ಲಿ. ತನ್ನ ನಾಯಕ ಕೂತಿರುವ ದೇಶದ ಮೇಲೆ ಯಾರು ಬಾಂಬ್ ಹಾಕುತ್ತಾರೆ?

ಆಗಿದ್ದು ಇಷ್ಟೇ, ನಾರ್ವೆಯ ಕಡೆ ಚಂದ್ರ ಮೂಡುತ್ತಿದ್ದ. ರೇಡಾರಿನ ಅಲೆ ಚಂದ್ರನವರೆಗೆ ಹೋಗಿ ಎರಡೂವರೆ ಸೆಕೆಂಡಿನ ನಂತರ ವಾಪಸ್ ಬಂದಿತ್ತು. ಅಷ್ಟು ದೂರದ ಮಾರ್ದನಿ ಬರಬಹುದೆಂದು ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಹಳೆಯ ಅಲೆಯ ಉತ್ತರವನ್ನು ಅದು ಹೊಸ ಅಲೆಯ ಉತ್ತರವೆಂದು ಓದಿಕೊಂಡು ಚಂದ್ರನನ್ನು ಹತ್ತಿರದ ಕ್ಷಿಪಣಿಗಳ ಸಾಲನ್ನಾಗಿ ಮಾಡಿತು. ಊರಿನವರ ಗುರುತೆಲ್ಲ ಇಟ್ಟುಕೊಂಡ ತಳವಾರ ಚಂದ್ರನನ್ನೇ ಬರೆದುಕೊಂಡಿರಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮವರಿಗೆ ಈ ಬಗೆಯ ದೋಷ ಅಪರಿಚಿತವಲ್ಲ. ಆಮೇಲೆ ಚಂದ್ರನ ಮಾರ್ದನಿಯನ್ನು ಸೋಸಿ ಬಿಡುವ ವ್ಯವಸ್ಥೆ ಮಾಡಿದರು.

ಮುಂದಿನ ವರ್ಷ, 1961ರ ಜೂನ್ 29ರಂದು, ಟ್ರಾನ್ಸಿಟ್-4ಎ ಉಪಗ್ರಹವನ್ನು ಬಿಟ್ಟು ಬಂದ ರಾಕೆಟ್ಟಿನ ಮೇಲಿನ ಹಂತ ಕಕ್ಷೆಯಲ್ಲೇ ಸಿಡಿದು ಸುಮಾರು 300 ಚೂರುಗಳಾಯಿತು. ಅಲ್ಲಿಯವರೆಗೆ ಪಟ್ಟಿಯಲ್ಲಿದ್ದ ವಸ್ತುಗಳಿಗಿಂತ ಒಂದೇ ದಿನದಲ್ಲಿ ಹುಟ್ಟಿದ ಚೂರುಗಳೇ ಹೆಚ್ಚು. ಬಾಹ್ಯಾಕಾಶದ ಕಸ ಎಂದು ಇಂದು ನಾವು ಕರೆಯುವುದಕ್ಕೆ ಅಂದು ಯಾರೂ ಚಿಂತಿಸಲಿಲ್ಲ. ಆದರೆ ಕಸವನ್ನು ಕ್ಷಿಪಣಿ ಎಂದುಕೊಳ್ಳಬಾರದಲ್ಲ, ಹಾಗಾಗಿ ಎಣಿಸಲೇಬೇಕಾಯಿತು.

ಫೈಲಿಂಗ್‌ಡೇಲ್ಸ್ ಶುರುವಾದದ್ದು 1963ರ ಸೆಪ್ಟೆಂಬರಿನಲ್ಲಿ. ಆಗ ಈಗಿನ ಪಿರಮಿಡ್ ಇರಲಿಲ್ಲ. ಸುಮಾರು 40 ಮೀಟರ್ ವ್ಯಾಸದ ಮೂರು ಬಿಳಿ ಗುಂಡುಗಳು, ಒಳಗೆ ತಿರುಗುವ ದೊಡ್ಡ ಡಿಶ್‌ಗಳು. ಜನ ಅವನ್ನು ಗಾಲ್ಫ್ ಚೆಂಡುಗಳು ಎಂದರು. ದಾಳಿಯಾದರೆ ಅಮೆರಿಕಕ್ಕೆ ಸುಮಾರು ಕಾಲು ಗಂಟೆ ಎಚ್ಚರಿಕೆ ಸಿಗುತ್ತಿತ್ತು, ಬ್ರಿಟನ್ನಿಗೆ ನಾಲ್ಕು ನಿಮಿಷ. ಈ 'ನಾಲ್ಕು ನಿಮಿಷ' ಆ ತಲೆಮಾರಿನ ಬ್ರಿಟಿಷರ ಮಾತಿನಲ್ಲಿ, ಹಾಸ್ಯದಲ್ಲಿ, ಭಯದಲ್ಲಿ ಸೇರಿಹೋಗಿದೆ. ನಿಮ್ಮ ಆಫೀಸಿನ ಹಿರಿಯ ಸಹೋದ್ಯೋಗಿಯನ್ನು ಕೇಳಿ ನೋಡಿ. ನಾಲ್ಕು ನಿಮಿಷದಲ್ಲಿ ಒಂದು ಕಪ್ ಚಹಾ ಮಾಡಬಹುದು, ಕುಡಿಯುವುದಕ್ಕೆ ಆಗುವುದಿಲ್ಲ. ಚೆಂಡುಗಳು 1992ರ ತನಕ ದುಡಿದವು, ಆಮೇಲೆ ಪಿರಮಿಡ್ ಬಂತು. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಪ್ರತಿ ಮುಖದಲ್ಲೂ ಎರಡು ಸಾವಿರಕ್ಕೂ ಹೆಚ್ಚು ಸಣ್ಣ ಆಂಟೆನಾಗಳಿವೆ. ಅವುಗಳ ಅಲೆಗಳನ್ನು ಕೂದಲೆಳೆಯಷ್ಟು ಹಿಂದೆಮುಂದೆ ಮಾಡಿ ಕಿರಣವನ್ನು ಬೇಕಾದ ಕಡೆ ತಿರುಗಿಸುತ್ತಾರೆ. ಡಿಶ್ ಒಂದು ಸಲಕ್ಕೆ ಒಂದು ವಸ್ತುವಿನ ಬೆನ್ನು ಹತ್ತಿದರೆ ಇದು ಒಟ್ಟಿಗೆ ನೂರಾರನ್ನು ಹಿಂಬಾಲಿಸುತ್ತದೆ.

ಈಗ ಥೂಲೆಗೆ ಹೋಗೋಣ. ಈ ಕಥೆಯಲ್ಲಿ ನನಗೆ ಮರೆಯಲಾಗದ ಭಾಗ ಅದು. ಉತ್ತರ ಧ್ರುವದ ಹತ್ತಿರ, ವರ್ಷದಲ್ಲಿ ಕೆಲವು ತಿಂಗಳು ಸೂರ್ಯನೇ ಕಾಣದ ಜಾಗ. ಅಲ್ಲಿ ಇನುಘುಯಿಟ್ ಎಂಬ ಬೇಟೆಗಾರ ಜನ ತಲೆತಲಾಂತರದಿಂದ ಬದುಕಿದ್ದರು. 1951ರಲ್ಲಿ ಡೆನ್ಮಾರ್ಕಿನ ಒಪ್ಪಿಗೆಯಿಂದ ಅಮೆರಿಕ ಅಲ್ಲಿ ದೊಡ್ಡ ವಾಯುನೆಲೆ ಕಟ್ಟಿತು. 1953ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೆಲವೇ ದಿನಗಳ ಗಡುವು ಕೊಟ್ಟು ಎಬ್ಬಿಸಲಾಯಿತು. ಅವರು ನಾಯಿಬಂಡಿಗಳ ಮೇಲೆ ಸಾಮಾನು ಹೇರಿಕೊಂಡು ನೂರು ಕಿಲೋಮೀಟರಿಗೂ ಹೆಚ್ಚು ಉತ್ತರದ ಖಾನಾಕ್‌ಗೆ ಹೋದರು. ಹೊಸ ಮನೆಗಳು ಇನ್ನೂ ಎದ್ದಿರಲಿಲ್ಲ, ಡೇರೆಗಳಲ್ಲಿ ಕಾದರು. ಅವರು ಸ್ವಂತ ಇಚ್ಛೆಯಿಂದ ಹೋದರೆಂದೇ ದಶಕಗಳ ಕಾಲ ಡೆನ್ಮಾರ್ಕಿನ ಅಧಿಕೃತ ನಿಲುವಾಗಿತ್ತು. 1999ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಇದು ಬಲವಂತದ ಎತ್ತಂಗಡಿ ಎಂದು ತೀರ್ಪು ಕೊಟ್ಟಿತು, ಪ್ರಧಾನಿ ಕ್ಷಮೆ ಕೇಳಿದರು. ಹಳೆಯ ಊರಿಗೆ ಮರಳುವ ಹಕ್ಕನ್ನು ಮಾತ್ರ 2003ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕೊಡಲಿಲ್ಲ. ಶರಾವತಿಯ ನೀರಿನಲ್ಲಿ ಊರು ಕಳೆದುಕೊಂಡ ಮನೆಗಳಿಂದ ಬಂದವರು ಈ ಸಭೆಯಲ್ಲಿದ್ದರೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಆ ನೆಲೆಯಲ್ಲಿ ರೇಡಾರ್ ಎದ್ದ ಮೇಲೆ ಸೇನೆಗೆ ಇನ್ನೊಂದು ಚಿಂತೆ ಹತ್ತಿತು. ಥೂಲೆಯಿಂದ ಸಂದೇಶ ನಿಂತರೆ ಏನರ್ಥ? ಶತ್ರು ಅದನ್ನು ನಾಶಮಾಡಿದನೋ ಅಥವಾ ಬರೀ ತಂತಿ ಕೆಟ್ಟಿತೋ? 1961ರ ನವೆಂಬರಿನಲ್ಲಿ ನಿಜವಾಗಿಯೂ ಹೀಗಾಯಿತು. ಕೊಲೊರಾಡೋದ ಒಂದೇ ಟೆಲಿಫೋನ್ ರಿಲೇ ಕೇಂದ್ರದ ದೋಷದಿಂದ ಎಚ್ಚರಿಕೆ ಠಾಣೆಗಳ ಸಂಪರ್ಕ ಒಟ್ಟಿಗೆ ಕಡಿದು, ಬಾಂಬರ್ ವಿಮಾನಗಳ ಸಿಬ್ಬಂದಿಯನ್ನು ಸನ್ನದ್ಧಗೊಳಿಸಬೇಕಾಯಿತು. ಆದ್ದರಿಂದ ಥೂಲೆಯ ಮೇಲೆ ಒಂದು ಬಿ-52 ಬಾಂಬರ್ ಸದಾ ಸುತ್ತುತ್ತಾ 'ನೆಲೆ ಇನ್ನೂ ಇದೆ' ಎಂದು ಕಣ್ಣಿನಿಂದ ನೋಡಿ ಹೇಳುವ ಏರ್ಪಾಡು ಇತ್ತು. ಕಾವಲುಗಾರನನ್ನು ಕಾಯಲು ಇನ್ನೊಬ್ಬ ಕಾವಲುಗಾರ. 1968ರ ಜನವರಿ 21ರಂದು ಆ ಕೆಲಸದಲ್ಲಿದ್ದ ವಿಮಾನದೊಳಗೆ ಬಿಸಿಗಾಳಿಯ ಕಿಂಡಿಯ ಬಳಿ ಇಟ್ಟಿದ್ದ ಸೀಟಿನ ಮೆತ್ತೆಗಳಿಗೆ ಬೆಂಕಿ ಹತ್ತಿತು. ಏಳು ಜನರಲ್ಲಿ ಆರು ಮಂದಿ ಬದುಕಿದರು, ಒಬ್ಬರು ಸತ್ತರು. ವಿಮಾನ ನಾಲ್ಕು ಹೈಡ್ರೋಜನ್ ಬಾಂಬುಗಳ ಸಮೇತ ಸಮುದ್ರದ ಮಂಜುಗಡ್ಡೆಯ ಮೇಲೆ ಬಿತ್ತು. ಪರಮಾಣು ಸ್ಫೋಟ ಆಗಲಿಲ್ಲ, ಆದರೆ ಬಾಂಬುಗಳೊಳಗಿನ ಸಾಮಾನ್ಯ ಸಿಡಿಮದ್ದು ಸಿಡಿದು ಪ್ಲುಟೋನಿಯಂ ಮಂಜಿನ ಮೇಲೆ ಹರಡಿತು.

ಆ ಮಂಜನ್ನು ಬಾಚಿ ತುಂಬಿದವರಲ್ಲಿ ಅಮೆರಿಕದ ಸೈನಿಕರ ಜೊತೆಗೆ, ನೆಲೆಯಲ್ಲಿ ಗುತ್ತಿಗೆ ದುಡಿಮೆಗೆ ಬಂದಿದ್ದ ಡೆನ್ಮಾರ್ಕಿನ ಕೆಲಸಗಾರರೂ ಇದ್ದರು. ಮನೆಯಿಂದ ಸಾವಿರಾರು ಮೈಲಿ ದೂರ, ಒಳ್ಳೆಯ ಸಂಬಳಕ್ಕೆ ಬಂದವರು. ಕಾಯಿಲೆ ಬಿದ್ದ ಮೇಲೆ ಅವರು ವರ್ಷಗಟ್ಟಲೆ ಕೇಳಿದ್ದು ಒಂದೇ: ನಾವು ಮುಟ್ಟಿದ್ದು ಏನು, ಎಷ್ಟು? 1995ರಲ್ಲಿ ಡೆನ್ಮಾರ್ಕ್ ಸರ್ಕಾರ ಸುಮಾರು 1,700 ಕೆಲಸಗಾರರಿಗೆ ತಲಾ 50,000 ಕ್ರೋನರ್ ಕೊಟ್ಟಿತು. ಅದೇ ಹೊತ್ತಿಗೆ ಇನ್ನೊಂದು ವಿಷಯ ಹೊರಬಿತ್ತು. ತನ್ನ ನೆಲದಲ್ಲಿ ಅಣ್ವಸ್ತ್ರ ಇರಕೂಡದು ಎಂದು ಜನರಿಗೆ ಹೇಳುತ್ತಿದ್ದ ಡೆನ್ಮಾರ್ಕಿನ ಸರ್ಕಾರವೇ 1957ರಲ್ಲಿ ಗ್ರೀನ್‌ಲ್ಯಾಂಡಿನ ವಿಷಯದಲ್ಲಿ ಅಮೆರಿಕಕ್ಕೆ ಮೌನವಾಗಿ ದಾರಿ ಬಿಟ್ಟುಕೊಟ್ಟಿತ್ತು. ಅಂದಹಾಗೆ ಥೂಲೆಗೆ 2023ರಿಂದ ಪಿಟುಫಿಕ್ ಎಂಬ ಸ್ಥಳೀಯ ಹೆಸರು ಮರಳಿದೆ. ಜನ ಮರಳಿಲ್ಲ.

ಸೋವಿಯತ್ ಕಡೆಯೂ ಇಂಥವೇ ರೇಡಾರ್‌ಗಳಿದ್ದವು, ಅವರದೇ ಪಟ್ಟಿಯೂ ಇತ್ತು. 1972ರಲ್ಲಿ ಎರಡೂ ದೇಶ ಕ್ಷಿಪಣಿ ತಡೆ ಒಪ್ಪಂದಕ್ಕೆ ಸಹಿ ಹಾಕಿದಾಗ ಒಂದು ನಿಯಮ ಬಂತು: ಇನ್ನು ಮುಂದೆ ಎಚ್ಚರಿಕೆಯ ರೇಡಾರ್‌ಗಳನ್ನು ದೇಶದ ಅಂಚಿನಲ್ಲಿ, ಹೊರಮುಖವಾಗಿ ಮಾತ್ರ ಕಟ್ಟಬೇಕು. ಬಾಹ್ಯಾಕಾಶದ ವಸ್ತುಗಳನ್ನು ಗಮನಿಸುವ ರೇಡಾರ್‌ಗಳಿಗೆ ವಿನಾಯಿತಿ ಇತ್ತು. 1983ರಲ್ಲಿ ಅಮೆರಿಕದ ಉಪಗ್ರಹಗಳಿಗೆ ಸೈಬೀರಿಯಾದ ಒಳನಾಡಿನಲ್ಲಿ, ಕ್ರಾಸ್ನೊಯಾರ್ಸ್ಕ್ ಪ್ರಾಂತ್ಯದಲ್ಲಿ, ದೈತ್ಯ ರೇಡಾರ್ ಕಂಡಿತು. ಇದು ಏಕೆ ಎಂದರೆ ಮಾಸ್ಕೋ ಹೇಳಿದ್ದು, ಉಪಗ್ರಹ ನೋಡುವುದಕ್ಕೆ! ಅಮೆರಿಕ ನಂಬಲಿಲ್ಲ. ಪ್ರತಿಯಾಗಿ ಸೋವಿಯತ್ತರು ನೀವು ಥೂಲೆ, ಫೈಲಿಂಗ್‌ಡೇಲ್ಸ್‌ನಲ್ಲಿ ಹೊಸ ರೇಡಾರ್ ಕಟ್ಟುವುದೂ ತಪ್ಪೇ ಎಂದರು. ಹಳೆಯದನ್ನು ರಿಪೇರಿ ಮಾಡುತ್ತಿದ್ದೇವೆ ಎಂಬುದು ಅಮೆರಿಕದ ಉತ್ತರ. 1989ರಲ್ಲಿ ವಿದೇಶಾಂಗ ಸಚಿವ ಶೆವರ್ಡ್ನಾಡ್ಜೆ ಕ್ರಾಸ್ನೊಯಾರ್ಸ್ಕ್ ರೇಡಾರ್ ಒಪ್ಪಂದದ ಉಲ್ಲಂಘನೆ ಎಂದು ತಮ್ಮ ಸಂಸತ್ತಿನಲ್ಲೇ ಒಪ್ಪಿಕೊಂಡರು. ಅದನ್ನು ಕೆಡವಲಾಯಿತು. ಆ ಸುಳ್ಳು ಅಷ್ಟು ವರ್ಷ ನಿಂತದ್ದು ಏಕೆಂದರೆ ಯಂತ್ರವನ್ನು ಹೊರಗಿನಿಂದ ನೋಡಿ ಎರಡು ಕೆಲಸಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಪಕ್ಕಾ ಎನ್ನಬಹುದಾದ ಸುಳಿವು ಕೊಡುವುದು ಅದು ಕೂತ ಜಾಗ ಮತ್ತು ಮುಖ ಮಾಡಿದ ದಿಕ್ಕು.

ಪುಸ್ತಕ ಸೇನೆಯ ಕೈಯಲ್ಲಿದ್ದರೆ ಅದರಲ್ಲಿ ಬರೆಯದೆ ಬಿಟ್ಟ ಸಾಲುಗಳೂ ಇರುತ್ತವೆ. ಅದನ್ನು ಹೊರಗಿನವರು ಕಂಡುಹಿಡಿದ ಎರಡು ಪ್ರಸಂಗ ನನಗೆ ಇಷ್ಟ. ನಾರ್ಥಾಂಪ್ಟನ್‌ಷೈರಿನ ಕೆಟರಿಂಗ್ ಗ್ರಾಮರ್ ಶಾಲೆಯಲ್ಲಿ ಜೆಫ್ರಿ ಪೆರಿ ಎಂಬ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಸಾಧಾರಣ ರೇಡಿಯೋದಲ್ಲಿ ಸೋವಿಯತ್ ಉಪಗ್ರಹಗಳ ದನಿ ಕೇಳುತ್ತಿದ್ದರು. ಹೊತ್ತು ಬರೆದುಕೊಂಡು ಹಿಂದಕ್ಕೆ ಲೆಕ್ಕ ಹಾಕಿ, ಕೆಲವು ಉಪಗ್ರಹಗಳು ಗೊತ್ತಿರುವ ಜಾಗದಿಂದ ಹಾರುತ್ತಿಲ್ಲ ಎಂದು 1966ರಲ್ಲಿ ಪ್ರಕಟಿಸಿದರು. ಪ್ಲೆಸೆಟ್ಸ್ಕ್ ಎಂಬ ಗುಪ್ತ ಉಡಾವಣಾ ಕೇಂದ್ರ ಲೋಕಕ್ಕೆ ತಿಳಿದದ್ದು ಹೀಗೆ. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1983ರಲ್ಲಿ. ಇನ್ನೊಂದು ಫ್ರಾನ್ಸಿನದು. ಅವರು 2005ರಲ್ಲಿ ಗ್ರಾವ್ ಎಂಬ ರೇಡಾರ್ ಶುರುಮಾಡಿದರು. ಅದರ ಅಲೆ ಹಿಡಿಯುವ ಭಾಗ ಇರುವುದು ಅಲ್ಬಿಯಾನ್ ಪ್ರಸ್ಥಭೂಮಿಯಲ್ಲಿ, ಹಿಂದೆ ಫ್ರಾನ್ಸ್ ತನ್ನ ಅಣ್ವಸ್ತ್ರ ಕ್ಷಿಪಣಿಗಳನ್ನು ನೆಲದೊಳಗೆ ಹೂತಿಟ್ಟಿದ್ದ ಜಾಗದಲ್ಲಿ. ಅದರ ಕಣ್ಣಿಗೆ ಅಮೆರಿಕದ ಬಹಿರಂಗ ಪಟ್ಟಿಯಲ್ಲಿ ಇಲ್ಲದ ಇಪ್ಪತ್ತು ಮೂವತ್ತು ವಸ್ತುಗಳು ಬಿದ್ದವು. ಫ್ರೆಂಚರು ಬಹಳ ಸಭ್ಯವಾಗಿಯೇ ಮಾತು ತೆಗೆದರು: ನಮ್ಮ ಗುಪ್ತ ಉಪಗ್ರಹಗಳನ್ನು ನೀವು ಜಗತ್ತಿಗೆ ತೋರಿಸುತ್ತಿದ್ದೀರಿ, ನಿಮ್ಮವನ್ನು ನಾವೂ ತೋರಿಸಬಹುದು. ಶಾನುಭೋಗರ ಲೆಕ್ಕ ತಪ್ಪೆಂದು ವಾದಿಸಲು ನಿಮ್ಮ ಹತ್ತಿರವೂ ಒಂದು ಅಳತೆಯ ಸರಪಳಿ ಇರಬೇಕು.

ನಮ್ಮ ಊರುಗಳಿಗೆ ಈ ಪಟ್ಟಿಯ ಬಿಸಿ ತಟ್ಟಿದ್ದು 1979ರ ಜುಲೈನಲ್ಲಿ. ಐವತ್ತು ದಾಟಿದವರಿಗೆಲ್ಲ ಸ್ಕೈಲ್ಯಾಬ್ ನೆನಪಿರಬೇಕು. 77 ಟನ್ನಿನ ಅಮೆರಿಕದ ಬಾಹ್ಯಾಕಾಶ ಮನೆ ಎಲ್ಲಿ ಬೀಳುತ್ತದೋ ಗೊತ್ತಿಲ್ಲ ಎಂದು ರೇಡಿಯೋ ಹೇಳಿದರೆ, 'ನಮ್ಮೂರ ಮೇಲೇ ಬೀಳುವುದು' ಎಂದು ಊರೂರಿನಲ್ಲೂ ತೀರ್ಮಾನವಾಗಿತ್ತು. ಸಾಯುವುದೇ ಆದರೆ ತಿಂದೇ ಸಾಯೋಣ ಎಂದು ಕೋಳಿ ಕೊಯ್ದವರ ಕಥೆ ಪ್ರತಿ ಜಿಲ್ಲೆಯಲ್ಲೂ ಒಂದಿದೆ. ಸ್ಕೈಲ್ಯಾಬ್ ಎಲ್ಲಿ ಇದೆ ಎಂದು ರೇಡಾರ್‌ಗಳಿಗೆ ಚೆನ್ನಾಗಿಯೇ ಗೊತ್ತಿತ್ತು. ಎಲ್ಲಿ ಬೀಳುತ್ತದೆ ಎಂಬುದು ಮೇಲಿನ ತೆಳು ಗಾಳಿಯ ಮೇಲೆ ನಿಂತಿತ್ತು. ಸೂರ್ಯ ಕೆರಳಿದಾಗ ಆ ಗಾಳಿ ಉಬ್ಬುತ್ತದೆ, ಲೆಕ್ಕ ತಪ್ಪುತ್ತದೆ. ಜುಲೈ 11ರಂದು ಅದು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪರೆನ್ಸ್ ಪಟ್ಟಣದ ಸುತ್ತಲೂ ಉದುರಿತು. ಅಲ್ಲಿನ ಸ್ಥಳೀಯ ಆಡಳಿತ ಕಸ ಎಸೆದದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿತು, ತಮಾಷೆಗಾಗಿ.

ಲೆಕ್ಕದ ಮಿತಿ ನಿಜವಾಗಿ ಕಾಣಿಸಿದ್ದು 2009ರ ಫೆಬ್ರವರಿ 10ರಂದು. ಕೆಲಸದಲ್ಲಿದ್ದ ಅಮೆರಿಕದ ಇರಿಡಿಯಂ-33 ಮತ್ತು ಸತ್ತಿದ್ದ ರಷ್ಯಾದ ಕಾಸ್ಮೋಸ್-2251 ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ ಡಿಕ್ಕಿ ಹೊಡೆದವು. ಬಹಿರಂಗ ಮಾಹಿತಿಯಿಂದ ಅಂದು ಮಾಡಿದ್ದ ಲೆಕ್ಕದಲ್ಲಿ ಅವು 584 ಮೀಟರ್ ಅಂತರದಲ್ಲಿ ದಾಟಿಹೋಗಬೇಕಿತ್ತು. ಆ ದಿನದ ಅಪಾಯಗಳ ಪಟ್ಟಿಯಲ್ಲಿ ಅದು ಮೊದಲನೆಯದೂ ಆಗಿರಲಿಲ್ಲ. ಎರಡು ಸಾವಿರ ಚೂರುಗಳಾದವು. ಆಮೇಲೆಯೇ ಅಮೆರಿಕದ ಸೇನೆ ಎಲ್ಲ ದೇಶಗಳ ಕೆಲಸದಲ್ಲಿರುವ ಉಪಗ್ರಹಗಳಿಗೂ ಡಿಕ್ಕಿಯ ಮುನ್ಸೂಚನೆ ಕಳಿಸುವುದನ್ನು ರೂಢಿ ಮಾಡಿಕೊಂಡದ್ದು.

ಭಾರತ ಈ ಪುಸ್ತಕದಲ್ಲಿ ಮೊದಲು ಬಂದದ್ದು 1975ರ ಏಪ್ರಿಲಿನಲ್ಲಿ, ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟದೊಂದಿಗೆ. ಅದರ ನಂಬರ್ 7752. ಕಸ ಹಾಕಿದವರ ಸಾಲಿನಲ್ಲೂ ನಾವಿದ್ದೇವೆ, ಅದನ್ನು ಮುಚ್ಚಿಡಬೇಕಿಲ್ಲ. 2001ರ ಡಿಸೆಂಬರ್ 19ರಂದು ಪಿಎಸ್‌ಎಲ್‌ವಿ-ಸಿ3ರ ಕೊನೆಯ ಹಂತ ಕಕ್ಷೆಯಲ್ಲಿ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರುಗಳಾಯಿತು. ಎಣಿಸಿ ನಂಬರ್ ಹಾಕಿದ್ದು ಅಮೆರಿಕದ ಸೇನೆ. ಅಲ್ಲಿಂದ ಮುಂದೆ ಇಸ್ರೋ, ಉಳಿದ ಇಂಧನವನ್ನು ಹೊರಬಿಟ್ಟು ರಾಕೆಟ್ಟನ್ನು ತಣ್ಣಗಾಗಿಸುವ ಕ್ರಮ ತಂದಿತು. 2019ರ ಮಾರ್ಚ್ 27ರಂದು ಭಾರತ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದಾಗ ಚೂರುಗಳು ಕೆಲವೇ ವಾರಗಳಲ್ಲಿ ಬಿದ್ದುಹೋಗುತ್ತವೆ ಎಂದು ದೆಹಲಿ ಹೇಳಿತು. ಬಹುಪಾಲು ಬೇಗ ಬಿದ್ದವು. ಕೆಲವು ವರ್ಷ ಕಳೆದರೂ ಸುತ್ತುತ್ತಲೇ ಇದ್ದವು ಎಂದು ನಮಗೆ ತೋರಿಸಿದ್ದು ಅದೇ ಪರದೇಶದ ಪಟ್ಟಿ.

2020ರ ಡಿಸೆಂಬರಿನಲ್ಲಿ ಪೀಣ್ಯದಲ್ಲೇ, ಇಸ್ರೋದ ಆವರಣದಲ್ಲಿ, 'ನೇತ್ರ' ಎಂಬ ನಿಯಂತ್ರಣ ಕೇಂದ್ರ ಶುರುವಾಗಿದೆ. ಶ್ರೀಹರಿಕೋಟದಲ್ಲಿ ಒಂದೇ ಸಲಕ್ಕೆ ಹಲವು ವಸ್ತುಗಳನ್ನು ಹಿಂಬಾಲಿಸುವ ರೇಡಾರ್ ಇದೆ. ಅಸ್ಸಾಮಿನ ಚಂದ್ರಾಪುರದಲ್ಲಿ ರೇಡಾರ್, ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ಯೋಜನೆಯಲ್ಲಿವೆ. ಪೀಣ್ಯದವರು ಇಂದಿಗೂ ಅಮೆರಿಕದಿಂದ ಬರುವ ಎಚ್ಚರಿಕೆಗಳನ್ನು ತೆಗೆದುಕೊಂಡು, ತಮ್ಮ ಉಪಗ್ರಹ ನಿಖರವಾಗಿ ಎಲ್ಲಿದೆ ಎಂಬ ಸ್ವಂತ ಅಳತೆಯೊಂದಿಗೆ ತಾಳೆ ನೋಡುತ್ತಾರೆ. ಎಷ್ಟೋ ಸಲ ಅಪಾಯವಿಲ್ಲ ಎಂದು ತಿಳಿದು ಸುಮ್ಮನಿರುತ್ತಾರೆ, ಕೆಲವು ಸಲ ಉಪಗ್ರಹವನ್ನು ಸ್ವಲ್ಪ ಸರಿಸುತ್ತಾರೆ. ಅಲ್ಲಿಯೂ ರಾತ್ರಿ ಪಾಳಿ ಇದೆ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಸಿಗುತ್ತೇನೆ.